ಮೊದಲ ಹಂತದಲ್ಲೇ ಎಂಟು ತಿಂಗಳು: ತಪ್ಪೇನಿದೆ?

ಪತ್ರ: ಫ್ರಾನ್ಸ್ ಬಾರ್ಡನ್ ಅವರ ಹರ್ಮೆಟಿಕ್ (ಯುರೋಪಿನ ಹಳೆಯ ಗುಪ್ತವಿದ್ಯೆ) ಸಾಧನೆಯ ಪುಸ್ತಕ ಹಿಡಿದು 8 ತಿಂಗಳಾಯಿತು. 10 ಹಂತಗಳಲ್ಲಿ ಇನ್ನೂ ಮೊದಲನೆಯದರಲ್ಲೇ ಇದ್ದೇನೆ. ಉಸಿರಾಟದ ಅಭ್ಯಾಸ, ಬೆಳಗಿನ ತಣ್ಣೀರು ನಡೆದಿವೆ. ಆದರೆ 10 ನಿಮಿಷ ಮನಸ್ಸು ಖಾಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ಪರಿಚಯದವರೊಬ್ಬರು, ‘ಗುರು ಇಲ್ಲದೆ ಇದು ಆಗಲ್ಲ, 18,000 ರೂಪಾಯಿಗೆ ದೀಕ್ಷೆ ಕೊಡಿಸುತ್ತೇನೆ, ನೇರ ಮೂರನೇ ಹಂತಕ್ಕೆ ಹೋಗಬಹುದು’ ಎನ್ನುತ್ತಾರೆ. ಅಮ್ಮನಿಗೆ ಇದೆಲ್ಲ ಮಾಟ ಮಂತ್ರ ಎಂಬ ಭಯ. ಮುಂದುವರಿಸಲೋ, ಬಿಡಲೋ?
– ಓದುಗರೊಬ್ಬರು, ದಾವಣಗೆರೆ

ಆತ್ಮೀಯರೇ,

ಮುಂದುವರಿಸಿ. ದೀಕ್ಷೆಗೆ ದುಡ್ಡು ಕೊಡಬೇಡಿ. ಯಾಕೆ ಅಂತ ಹೇಳುತ್ತೇನೆ.

ಬಾರ್ಡನ್ ಆ ಪುಸ್ತಕ ಬರೆದದ್ದೇ ಗುರು ಸಿಗದವರಿಗಾಗಿ. ಅವರು ಈಗಿನ ಚೆಕ್ ದೇಶದ ಒಪಾವಾ ಊರಿನವರು, ಹುಟ್ಟಿದ್ದು 1909ರಲ್ಲಿ. 1956ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಪುಸ್ತಕ ಅಚ್ಚಾಯಿತು. ಎರಡೇ ವರ್ಷಕ್ಕೆ, 1958ರಲ್ಲಿ, ಕಮ್ಯುನಿಸ್ಟ್ ಸರ್ಕಾರದ ಸೆರೆಯಲ್ಲಿ ಅವರು ತೀರಿಕೊಂಡರು. ಅವರ ಸುತ್ತ ಪವಾಡದ ಕತೆಗಳು ಬೇಕಾದಷ್ಟು ಬೆಳೆದಿವೆ. ನಿಮ್ಮ ಅಭ್ಯಾಸಕ್ಕೆ ಅವು ಬೇಕಾಗಿಲ್ಲ. ಪುಸ್ತಕದಲ್ಲಿ ಅವರು ಬಿಡದೆ ಹೇಳುವ ಮಾತು ಒಂದಿದೆ: ಒಂದು ಹಂತ ಕೈಗೆ ಹತ್ತುವ ತನಕ ಮುಂದಿನದಕ್ಕೆ ಕೈ ಹಾಕಬೇಡಿ. ನೇರ ಮೂರಕ್ಕೆ ಕರೆದುಕೊಂಡು ಹೋಗುತ್ತೇನೆ ಅನ್ನುವವರು ಆ ದಾರಿಯನ್ನೇ ಬಿಟ್ಟು ಮಾತಾಡುತ್ತಿದ್ದಾರೆ.

ಮೂರನೇ ಹಂತದಲ್ಲಿ ಬೆಂಕಿ, ಗಾಳಿ, ನೀರು, ಮಣ್ಣು ಇವುಗಳ ಗುಣವನ್ನು ಉಸಿರಿನ ಜೊತೆ ಮೈಯೊಳಗೆ ಎಳೆದುಕೊಳ್ಳುವ ಅಭ್ಯಾಸ ಬರುತ್ತದೆ. ಮೊದಲೇ ಮುಂಗೋಪಿ ಆಗಿರುವವನು ಅಲ್ಲಿ ಹೋಗಿ ಬೆಂಕಿಯನ್ನೇ ತುಂಬಿಕೊಂಡರೆ ಏನಾಗುತ್ತದೆ ಹೇಳಿ. ಅದಕ್ಕೇ ಮೊದಲ ಹಂತದಲ್ಲಿ ನಿಮ್ಮ ಸ್ವಭಾವದ ಲೆಕ್ಕ ಬರೆಸುತ್ತಾರೆ. ನಿಮ್ಮ ಪತ್ರದಲ್ಲಿ ಖಾಲಿ ಮನಸ್ಸಿನ ಬಗ್ಗೆ ಇದೆ, ಉಸಿರಾಟದ ಬಗ್ಗೆ ಇದೆ, ಬೆಳಗಿನ ತಣ್ಣೀರಿನ ಬಗ್ಗೆಯೂ ಇದೆ. ಆದರೆ ಆ ಲೆಕ್ಕದ, ಅಂದರೆ ಆತ್ಮದ ಕನ್ನಡಿಯ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಚಿಂತೆ ಆಗಿದ್ದು ಅಲ್ಲಿ. ಇಡೀ ಪುಸ್ತಕದ ಜೀವ ಇರುವುದು ಆ ಕನ್ನಡಿಯಲ್ಲಿ.

ಅದಕ್ಕೆ ಒಂದು ನೋಟ್‌ಬುಕ್ ಸಾಕು. ನಿಮ್ಮ ಕೆಟ್ಟ ಗುಣಗಳದ್ದು ಒಂದು ಪಟ್ಟಿ, ಅದು ಕಪ್ಪು ಕನ್ನಡಿ. ಒಳ್ಳೆಯ ಗುಣಗಳದ್ದು ಇನ್ನೊಂದು, ಅದು ಬಿಳಿ ಕನ್ನಡಿ. ಹೆಚ್ಚಿನವರು ‘ಕೋಪ, ಸೋಮಾರಿತನ, ಹೊಟ್ಟೆಕಿಚ್ಚು’ ಅಂತ 10 ಪದ ಬರೆದು ಮುಗಿಸುತ್ತಾರೆ. ಅದರಿಂದ ಏನೂ ಪ್ರಯೋಜನ ಇಲ್ಲ. ‘ಕೋಪ’ ಅನ್ನುವುದು ಯಾರಿಗಿಲ್ಲ? ಹೀಗೆ ಬರೆದು ನೋಡಿ: ‘ಆಫೀಸಿನಲ್ಲಿ ಮೇಲಿನವರು ಬೈದಾಗ ತಲೆ ತಗ್ಗಿಸಿ ಸುಮ್ನೆ ಇರುತ್ತೇನೆ. ಸಂಜೆ ಮನೆಗೆ ಬಂದು, ಕಾಫಿ ತಣ್ಣಗಾಗಿದೆ ಅಂತ ತಂಗಿ ಮೇಲೆ ರೇಗುತ್ತೇನೆ.’ ಈಗ ಇನ್ನೊಂದು ಸಲ ಓದಿ. ಇಲ್ಲಿರುವುದು ಕೋಪ ಒಂದೇ ಅಲ್ಲ. ಮೊದಲು ಅಂಜಿಕೆ ಬಂತು, ಅದರ ಬಾಲ ಹಿಡಿದು ಕೋಪ ಬಂತು. ಬಾರ್ಡನ್ ಲೆಕ್ಕದಲ್ಲಿ ಸಿಟ್ಟು, ಮತ್ಸರ, ಸೇಡು ಬೆಂಕಿಗೆ ಸೇರುತ್ತವೆ. ಸಂಕೋಚ, ಅಸಡ್ಡೆ, ನಿಲುವಿಲ್ಲದ ಮನಸ್ಸು ನೀರಿಗೆ. ಬಡಾಯಿ, ಚಾಡಿ, ದುಂದುವೆಚ್ಚ ಗಾಳಿಗೆ. ಆಲಸ್ಯ, ಮಂಕುತನ ಮಣ್ಣಿಗೆ. ಅಂಜಿಕೆ ಸಂಕೋಚದ ಕಡೆಯದು. ಹಾಗೆ ನೋಡಿದರೆ ಇಲ್ಲಿ ಬೆಂಕಿ ಆರಿಸುತ್ತಾ ಕೂತರೆ ಸಾಲದು, ನೀರಿನ ಕಡೆಯೂ ಕೆಲಸ ಇದೆ. ಇಷ್ಟು ತಿಳಿಯಲು ದಿನಗಟ್ಟಲೆ ಬೇಕು, ಬೇಕೇ ಬೇಕು. ಪಟ್ಟಿ 100ರ ಹತ್ತಿರ ಹೋದರೂ ಗಾಬರಿಯಾಗಬೇಡಿ. ಆಮೇಲೆ ಅದನ್ನೇ ತುಂಬಾ ಕಾಡುವವು, ಆಗಾಗ ಬರುವವು, ಅಪರೂಪದವು ಅಂತ ಮೂರು ಗುಂಪು ಮಾಡಿ. ಒಂದೊಂದಾಗಿ ಹಿಡಿದುಕೊಳ್ಳಿ.

ಬಿಳಿ ಪಟ್ಟಿಯನ್ನು ಬಿಡಬೇಡಿ. ನಮ್ಮ ಕಡೆ ತನ್ನ ಒಳ್ಳೆಯದನ್ನು ತಾನೇ ಬರೆದುಕೊಳ್ಳಲು ಜನ ನಾಚುತ್ತಾರೆ. ಆದರೆ ಕಪ್ಪನ್ನು ತಿದ್ದುವ ಬಲ ಬರುವುದು ಅಲ್ಲಿಂದಲೇ.

ತಿದ್ದುವ ಉಪಾಯಗಳಲ್ಲಿ ಒಂದು ಎರಡನೇ ಹಂತದಲ್ಲಿ ಬರುತ್ತದೆ. ಒಂದು ದಾರಕ್ಕೆ 30 ಅಥವಾ 40 ಗಂಟು ಹಾಕಿ, ನಿದ್ದೆ ಹತ್ತುವ ಹೊತ್ತಿಗೆ ಒಂದು ಪುಟ್ಟ ವಾಕ್ಯವನ್ನು ಗಂಟಿಗೊಂದು ಸಲ ಹೇಳಿಕೊಳ್ಳುವುದು. ‘ಮುಂದೆ ಸರಿಹೋಗುತ್ತೇನೆ’ ಅಂತಲ್ಲ, ಈಗಲೇ ಆಗಿದೆ ಅನ್ನುವ ಹಾಗೆ. ಫ್ರಾನ್ಸಿನ ಎಮಿಲ್ ಕುವೆ ಎಂಬ ಔಷಧ ತಯಾರಕರು ಇದಕ್ಕೂ ಮುಂಚೆಯೇ 20 ಗಂಟಿನ ದಾರ ಕೊಟ್ಟು ರೋಗಿಗಳಿಗೆ ಇಂಥದ್ದೇ ಹೇಳಿಕೊಡುತ್ತಿದ್ದರು. ಜಪಮಾಲೆ ಹಿಡಿದ ಅಜ್ಜಿಯರನ್ನು ನೋಡಿ ಬೆಳೆದ ನಮಗೆ ಇದೇನೂ ಹೊಸದಲ್ಲ ಅಲ್ವಾ?

ಅಮ್ಮನ ಭಯಕ್ಕೂ ಉತ್ತರ ಇಲ್ಲೇ ಇದೆ. ಈ ವಿದ್ಯೆ ನಮಗೆ ಪೂರ್ತಿ ಪರದೇಶಿ ಅಲ್ಲ. 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಎಂಬ ಗುಪ್ತವಿದ್ಯೆಯ ಸಂಘದವರು ನಮ್ಮ ಪಂಚಭೂತಗಳ ತತ್ತ್ವಗಳನ್ನು ಎರವಲು ಪಡೆದು ಅಭ್ಯಾಸ ಮಾಡಿದರು. ಬಾರ್ಡನ್ ಕೂಡ ಐದನೆಯ ಭೂತವನ್ನು ಆಕಾಶ ಅಂತಲೇ ಕರೆದರು. ಹಾಗಂತ ಎರಡೂ ಒಂದೇ ಅನ್ನಬೇಡಿ. ಹರ್ಮೆಟಿಕ್ ವಿದ್ಯೆಯ ಬೇರು ಗ್ರೀಕ್ ಈಜಿಪ್ಟಿನದು. ಹರ್ಮೆಸ್ ಎಂಬ ಪುರಾಣದ ಋಷಿಯ ಹೆಸರಿನ ಗ್ರಂಥಗಳನ್ನು 1463ರಲ್ಲಿ ಫ್ಲಾರೆನ್ಸಿನ ಫಿಚಿನೊ ಎಂಬ ವಿದ್ವಾಂಸರು ಲ್ಯಾಟಿನ್ನಿಗೆ ತಂದ ಮೇಲೆ ಯುರೋಪು ಅದನ್ನು ತನ್ನದಾಗಿ ಬೆಳೆಸಿತು. ಅಮ್ಮನಿಗೆ ಇಷ್ಟೆಲ್ಲ ಹೇಳಬೇಕಿಲ್ಲ. ಬೆಳಿಗ್ಗೆ ಕುರ್ಚಿ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿರುವುದನ್ನು ಅವರು ನೋಡಲಿ, ಬಾಗಿಲು ಹಾಕಿಕೊಳ್ಳಬೇಡಿ. ನಿಂಬೆಹಣ್ಣಿಲ್ಲ, ಬೂದಿಯಿಲ್ಲ, ಯಾರಿಗೂ ಕೇಡು ಬಯಸುವುದಿಲ್ಲ. ಮನೆಯಲ್ಲಿ ರೇಗುವುದು ಕಡಿಮೆಯಾದರೆ ಅವರ ಭಯವೂ ಕಡಿಮೆಯಾಗುತ್ತದೆ.

ಖಾಲಿ ಮನಸ್ಸಿನ ಬಗ್ಗೆ: 10 ನಿಮಿಷ ಅಂತ ಗಡಿಯಾರದ ಜೊತೆ ಗುದ್ದಾಡಬೇಡಿ. ಅದಕ್ಕೂ ಮುಂಚೆ ಎರಡು ಅಭ್ಯಾಸ ಇವೆ. ಬರುವ ಯೋಚನೆಗಳನ್ನು ಸುಮ್ನೆ ನೋಡುವುದು, ಆಮೇಲೆ ಒಂದೇ ಯೋಚನೆಯಲ್ಲಿ ನಿಲ್ಲುವುದು. ಇವೆರಡು ಹದಕ್ಕೆ ಬರದೆ ಖಾಲಿತನ ಕೇಳಿದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. 5 ನಿಮಿಷದಿಂದ ಶುರು ಮಾಡಿ. ದಿನದ ಕೊನೆಗೆ ಎಷ್ಟು ಹೊತ್ತು ಆಯಿತು, ಏನು ಅಡ್ಡ ಬಂತು ಅಂತ ಎರಡು ಸಾಲು ಬರೆಯಿರಿ. ಒಂದು ದಿನ ತಪ್ಪಿದರೆ ಮರುದಿನ ಕೂತರಾಯಿತು. ಎರಡು ದಿನದ್ದನ್ನು ಒಟ್ಟಿಗೆ ಮಾಡಲು ಹೋಗಬೇಡಿ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ನಿದ್ದೆ ಹಾರಿಹೋದರೆ, ಕಾರಣವಿಲ್ಲದೆ ಭಯ ಜಾಸ್ತಿಯಾದರೆ, ಯಾರೋ ಮಾತಾಡಿದ ಹಾಗೆ ಕೇಳಿಸಿದರೆ, ಅದನ್ನು ಸಾಧನೆಯ ಗುರುತು ಅಂದುಕೊಳ್ಳಬೇಡಿ. ಅಭ್ಯಾಸ ನಿಲ್ಲಿಸಿ, ಮನೋವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಉಸಿರು ಬಿಗಿಹಿಡಿಯುವ ಸಾಹಸ ಅಂತೂ ಒಬ್ಬರೇ ಮಾಡಬೇಡಿ.

ಎರಡೂ ಪಟ್ಟಿ ಮುಗಿದ ಮೇಲೆ ಮತ್ತೆ ಬರೆಯಿರಿ, ಅಲ್ಲಿಂದ ಮುಂದಿನದು ಮಾತಾಡೋಣ. ಪಟ್ಟಿಯನ್ನು ಮಾತ್ರ ನನಗಾಗಲಿ, ದೀಕ್ಷೆಯ ಮಾತಾಡಿದವರಿಗಾಗಲಿ ಕಳಿಸಬೇಡಿ.

– ಸಂ.