ಲಿಬರ್ಟೇರಿಯನ್ನರು ಸ್ತ್ರೀವಾದಿಗಳಾಗಲು ಸಾಧ್ಯವೇ?

ವ್ಯಕ್ತಿಸ್ವಾತಂತ್ರ್ಯವೇ ಎಲ್ಲಕ್ಕಿಂತ ದೊಡ್ಡದು ಎನ್ನುವ ಲಿಬರ್ಟೇರಿಯನ್ನರು ಸ್ತ್ರೀವಾದವನ್ನು ಒಪ್ಪಲು ಸಾಧ್ಯವೇ, ಗಂಡಿಗೆ ಹೊರಗಿನ ದುಡಿಮೆ, ಹೆಣ್ಣಿಗೆ ಮನೆ ಎಂಬ ಹಂಚಿಕೆಯ ಬಗ್ಗೆ ಅವರ ನಿಲುವೇನು ಎಂದು ನೀವು ಕೇಳಿದ್ದೀರಿ. ಖಂಡಿತ ಸಾಧ್ಯ ಎಂಬುದು ನನ್ನ ಉತ್ತರ. ಆ ಚಿಂತನೆಯ ಬಹುಪಾಲನ್ನು ನಾನು ಒಪ್ಪುತ್ತೇನೆ. ಆದರೆ ಅದು ತಡವರಿಸುವ ಜಾಗವೊಂದಿದೆ, ಅದನ್ನೂ ಹೇಳಲೇಬೇಕು.

ಅದರ ಬಲ ಕಾಣುವುದು ಹೆಣ್ಣಿನ ರಕ್ಷಣೆಯ ಹೆಸರಿನಲ್ಲಿ ಬರುವ ಕಾನೂನುಗಳನ್ನು ಪ್ರಶ್ನಿಸುವಾಗ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ 1940ರ ದಶಕದಲ್ಲಿ, ದೊಡ್ಡ ನಗರಗಳ ಬಾರುಗಳಲ್ಲಿ ಕೌಂಟರಿನ ಹಿಂದೆ ನಿಂತು ಮದ್ಯ ಸುರಿದುಕೊಡುವ ಹೆಂಗಸು ಆ ಬಾರಿನ ಮಾಲೀಕನ ಹೆಂಡತಿಯೋ ಮಗಳೋ ಆಗಿರಲೇಬೇಕು ಎಂಬ ನಿಯಮವಿತ್ತು. ಮಾಲೀಕ ಗಂಡಸಾಗಿದ್ದರೆ, ಅವನು ಬಾರಿನ ಕಡೆ ತಲೆ ಹಾಕದಿದ್ದರೂ ಅವನ ಮಗಳು ಅಲ್ಲಿ ದುಡಿಯಬಹುದಿತ್ತು. ಬಾರಿನ ಒಡತಿ ಹೆಂಗಸಾಗಿದ್ದರೆ ತನ್ನದೇ ಕೌಂಟರಿನಲ್ಲಿ ತಾನೂ ನಿಲ್ಲುವಂತಿರಲಿಲ್ಲ, ಮಗಳನ್ನೂ ನಿಲ್ಲಿಸುವಂತಿರಲಿಲ್ಲ. ಅದೇ ಬಾರಿನಲ್ಲಿ ಮೇಜಿನಿಂದ ಮೇಜಿಗೆ ಗ್ಲಾಸು ಹೊತ್ತು ತಿರುಗುವ ಕೆಲಸಕ್ಕೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ಹೀಗೆ ಕೆಲಸಕ್ಕೆ ಅಡ್ಡಿಯಾದ ಗೊಸಾರ್ಟ್ ಎಂಬ ತಾಯಿ ಮಗಳು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು 1948ರಲ್ಲಿ, ಮೂವರು ನ್ಯಾಯಮೂರ್ತಿಗಳ ಭಿನ್ನಮತದ ನಡುವೆಯೂ, ಆ ಕಾನೂನನ್ನೇ ಎತ್ತಿಹಿಡಿಯಿತು. ಇಂಥ ರಕ್ಷಣೆಯಿಂದ ಲಾಭವಾಗುವುದು ಯಾರಿಗೆ ಎಂದು ಲಿಬರ್ಟೇರಿಯನ್ನರು ಕೇಳುತ್ತಾರೆ. ನನ್ನ ಮಟ್ಟಿಗೆ ಅದು ಸ್ತ್ರೀವಾದದ್ದೇ ಪ್ರಶ್ನೆ.

ನಮ್ಮ ದೇಶದ ಉದಾಹರಣೆಗಳೂ ಇವೆ. ಮದ್ಯ ಸೇವಿಸುವ ಸ್ಥಳಗಳಲ್ಲಿ ಹೆಂಗಸರನ್ನು ಕೆಲಸಕ್ಕಿಟ್ಟುಕೊಳ್ಳಬಾರದು ಎನ್ನುತ್ತಿದ್ದ 1914ರ ಪಂಜಾಬ್ ಅಬಕಾರಿ ಕಾಯ್ದೆಯ ಕಲಮನ್ನು ರದ್ದುಪಡಿಸಿದ ದೆಹಲಿ ಹೈಕೋರ್ಟಿನ ತೀರ್ಪನ್ನು ನಮ್ಮ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು 2007ರಲ್ಲಿ. 1948ರ ಕಾರ್ಖಾನೆ ಕಾಯ್ದೆ ಹೆಂಗಸರಿಗೆ ರಾತ್ರಿ ಪಾಳಿಯನ್ನು ನಿಷೇಧಿಸಿತ್ತು. ಕರ್ನಾಟಕದ ಕಾರ್ಖಾನೆಗಳಲ್ಲಿ ಷರತ್ತುಗಳೊಂದಿಗೆ ಅದಕ್ಕೆ ಅನುಮತಿ ಸಿಕ್ಕಿದ್ದು 2019ರಲ್ಲಿ.

ಇನ್ನು ಮನೆ ಮತ್ತು ದುಡಿಮೆಯ ಹಂಚಿಕೆಯ ವಿಷಯ. ಯಾರು ಅಡುಗೆ ಮಾಡಬೇಕು, ಯಾರು ಸಂಪಾದಿಸಬೇಕು ಎಂಬುದನ್ನು ಸರ್ಕಾರ ತೀರ್ಮಾನಿಸಬಾರದು, ಆಯ್ಕೆ ಆಯಾ ದಂಪತಿಗೆ ಬಿಟ್ಟದ್ದು ಎಂಬಲ್ಲಿ ಲಿಬರ್ಟೇರಿಯನ್ನರೆಲ್ಲ ಒಂದಾಗುತ್ತಾರೆ. ಅದರಾಚೆಗೆ ಒಮ್ಮತವಿಲ್ಲ. ಅಮೆರಿಕದ ಪ್ರಮುಖ ಲಿಬರ್ಟೇರಿಯನ್ ಚಿಂತಕ ಮರ್ರಿ ರಾತ್‌ಬಾರ್ಡ್ 1970ರಲ್ಲಿ ಮಹಿಳಾ ವಿಮೋಚನಾ ಚಳವಳಿಯನ್ನು ಕಟುವಾಗಿ ಟೀಕಿಸಿದರು. 1972ರ ಅಮೆರಿಕದ ಚುನಾವಣೆಯಲ್ಲಿ ಲಿಬರ್ಟೇರಿಯನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಎಲೆಕ್ಟೋರಲ್ ಮತ (ಅಧ್ಯಕ್ಷ, ಉಪಾಧ್ಯಕ್ಷರನ್ನು ಅಂತಿಮವಾಗಿ ಆರಿಸುವ ಪ್ರತಿನಿಧಿಗಳ ಮತ) ಪಡೆದ ಮೊದಲ ಮಹಿಳೆ ಎನಿಸಿದ ಟೋನಿ ನೇಥನ್ ಮರುವರ್ಷವೇ ಲಿಬರ್ಟೇರಿಯನ್ ಸ್ತ್ರೀವಾದಿಗಳ ಸಂಘ ಕಟ್ಟಿದರು.

ತಡವರಿಸುವ ಜಾಗವೆಂದೆನಲ್ಲ, ಅದು ಸಮ್ಮತಿಯ ಪ್ರಶ್ನೆ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶದಾದ್ಯಂತ 2005ರಿಂದ, ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಆದರೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅಣ್ಣತಮ್ಮಂದಿರ ಪಕ್ಕದಲ್ಲಿ ನಿಂತು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರಿದ್ದಾರೆ. ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಬರೆದುಕೊಟ್ಟದ್ದು ಎಂದು ಪತ್ರ ಹೇಳುತ್ತದೆ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ, ನಾಳೆ ಗಂಡನ ಮನೆಯಲ್ಲಿ ಕಷ್ಟವಾದರೆ ಹೋಗಲು ಬೇರೆ ನೆಲೆಯಿಲ್ಲ ಎಂಬ ಭಯವನ್ನು ಪತ್ರ ಹೇಳುವುದಿಲ್ಲ. ಹೊಡೆದಿಲ್ಲ, ಬೆದರಿಸಿಲ್ಲ, ಆದ್ದರಿಂದ ಇದು ಸ್ವತಂತ್ರ ಒಪ್ಪಂದ ಎಂದು ಅಲ್ಲಿಗೇ ನಿಲ್ಲುವ ಲಿಬರ್ಟೇರಿಯನ್ನರ ಮಾತನ್ನು ನಾನು ಒಪ್ಪಲಾರೆ. ಆ ಪರಂಪರೆಯವರೇ ಇದನ್ನು ಹಿಂದೆಯೇ ಕಂಡಿದ್ದರು: 1890ರಲ್ಲಿ ಅಮೆರಿಕದ ಅರಾಜಕತಾವಾದಿ ಲೇಖಕಿ ವೋಲ್ಟೆರೀನ್ ಡಿ ಕ್ಲೇರ್ ಮದುವೆಯನ್ನು ದಾಸ್ಯವೆಂದು ಕರೆದಾಗ ಸರ್ಕಾರವನ್ನಷ್ಟೇ ಅಲ್ಲ, ಚರ್ಚನ್ನೂ ಗಂಡನ ಯಜಮಾನಿಕೆಯನ್ನೂ ದೂರಿದ್ದರು.

ಹಾಗೆಂದು ಇಂಥ ಪತ್ರಗಳನ್ನೇ ನಿಷೇಧಿಸಿ ಎಂದು ನಾನು ಹೇಳುವುದಿಲ್ಲ. ತನ್ನ ಪಾಲನ್ನು ಪ್ರೀತಿಯಿಂದ ಕೊಡುವ ಹಕ್ಕೂ ಆಕೆಯದೇ, ನಿಷೇಧಿಸಿದರೆ ಮತ್ತೆ ಮಿಶಿಗನ್ನಿನ ರಕ್ಷಣೆಯೇ ಆಗುತ್ತದೆ. ಆಕೆಯ ಹೆಸರಿನಲ್ಲಿ ಆಕೆಯೇ ನಡೆಸುವ ಬ್ಯಾಂಕ್ ಖಾತೆ, ತವರಿನ ಹಂಗಿಲ್ಲದೆ ಬದುಕಲು ಸಾಕಾಗುವ ಸಂಬಳ, ಸಹಿಗೆ ಮುಂಚೆ ಅಣ್ಣತಮ್ಮಂದಿರಿಲ್ಲದ ಕೋಣೆಯಲ್ಲಿ ಒಬ್ಬ ವಕೀಲರೊಂದಿಗೆ ಮಾತಾಡುವ ಅವಕಾಶ, ಇಷ್ಟಿದ್ದೂ ಆಕೆ ಸಹಿ ಹಾಕಿದರೆ ಅದನ್ನು ಆಕೆಯ ಸ್ವಂತ ನಿರ್ಧಾರವೆಂದು ನಾನು ಒಪ್ಪುತ್ತೇನೆ.