ಮಿಲಿಟರಿ ನೆಲೆ ಮುಚ್ಚಿದ ಮೇಲೆ ಆ ಜಾಗದಿಂದ ಊರಿಗೆ ಮತ್ತೆ ಕೆಲಸ ಸಿಗುತ್ತಾ?

ದೊಡ್ಡ ಸೈನಿಕ ನೆಲೆ ಮುಚ್ಚಿದರೆ ಅದನ್ನೇ ನಂಬಿದ್ದ ಊರು ಹಾಳಾಗುತ್ತಾ, ಅಥವಾ ಅದೇ ಜಾಗದಲ್ಲಿ ಬದುಕು ಕಟ್ಟಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಕಟ್ಟಿಕೊಳ್ಳಬಹುದು. ಆದರೆ ಸೈನಿಕರು ಹೊರಟ ಮೊದಲ ಕೆಲವು ತಿಂಗಳು ಆ ಜಾಗವನ್ನು ಕಾಯುವವರು ಇರಬೇಕು. ಫಿಲಿಪ್ಪೀನ್ಸ್‌ನ ಸುಬಿಕ್ ಬೇಯಲ್ಲಿ ಎರಡು ವರ್ಷ ಸರಕು ಸಾಗಣೆ ಕೆಲಸದಲ್ಲಿದ್ದೆ. ಈ ಮಾತನ್ನು ಅಲ್ಲಿ ಕಂಡು, ಕೇಳಿ ಹೇಳುತ್ತಿದ್ದೇನೆ.

ಸುಬಿಕ್‌ನಲ್ಲಿ ಅಮೆರಿಕದ ದೊಡ್ಡ ನೌಕಾನೆಲೆ ಇತ್ತು. ವಿಯೆಟ್ನಾಂ ಯುದ್ಧದ ಹಡಗುಗಳು ರಿಪೇರಿಗೆ ಅಲ್ಲಿಗೆ ಬರುತ್ತಿದ್ದವು. ಪಕ್ಕದ ಒಲೊಂಗಾಪೊ ಸುಮಾರು 2 ಲಕ್ಷ ಜನರ ಊರು. ಅಲ್ಲಿ ಯಾವ ಮನೆಗೆ ಹೋದರೂ ನೆಲೆಯ ಸಂಬಳ ನಂಬಿದವರು ಒಬ್ಬರಾದರೂ ಇರುತ್ತಿದ್ದರು. 1991ರ ಜೂನ್ 15ರಂದು ಪಿನಾಟುಬೊ ಜ್ವಾಲಾಮುಖಿ ಸಿಡಿಯಿತು. ಅದೇ ಹೊತ್ತಿಗೆ ಚಂಡಮಾರುತದ ಮಳೆ. ನೆನೆದ ಬೂದಿಯ ಭಾರಕ್ಕೆ ಚಾವಣಿಗಳು ಕುಸಿದವು. ಮೂರು ತಿಂಗಳಾದ ಮೇಲೆ, ಸೆಪ್ಟೆಂಬರ್ 16ರಂದು, ನೆಲೆಯ ಹೊಸ ಒಪ್ಪಂದ ಬೇಡ ಅಂತ ಫಿಲಿಪ್ಪೀನ್ಸ್ ಸೆನೆಟ್ 12–11 ಮತಗಳಿಂದ ತೀರ್ಮಾನಿಸಿತು. 1992ರ ನವೆಂಬರ್ 24ಕ್ಕೆ ಕೊನೆಯ ಅಮೆರಿಕನ್ ಹಡಗು ಹೊರಟಿತು. ಸುಮಾರು 40 ಸಾವಿರ ಜನರ ಕೆಲಸ ಹೋಯಿತು.

ನಮ್ಮ ಗೋದಾಮಿನಲ್ಲಿ ಒಬ್ಬ ಹಿರಿಯರಿದ್ದರು. ನೆಲೆ ಇದ್ದಾಗ ಅವರು ಅಲ್ಲಿ ಕ್ರೇನ್ ಓಡಿಸುತ್ತಿದ್ದರಂತೆ. ಮಧ್ಯಾಹ್ನ ಅನ್ನ, ಒಣಮೀನು ತಿನ್ನುತ್ತಾ ಆ ದಿನಗಳ ಕಥೆ ಹೇಳುತ್ತಿದ್ದರು. ಕೆಲಸ ಹೋದ ಮೇಲೂ ಅದೇ ಗೇಟಿಗೆ ದಿನಾ ಹೋಗುತ್ತಿದ್ದರು. ಕೈಯಲ್ಲಿ ಒಂದು ಟಾರ್ಚು, ಒಂದು ಪೊರಕೆ. ರಾತ್ರಿ ಪಾಳಿಯಲ್ಲಿ ಕಾವಲು, ಬೆಳಕು ಹರಿದ ಮೇಲೆ ಬೂದಿ ಗುಡಿಸುವ ಕೆಲಸ. ಒಂದು ಪೆಸೊ ಸಂಬಳವಿಲ್ಲ. ಒಲೊಂಗಾಪೊ ಮೇಯರ್ ರಿಚರ್ಡ್ ಗಾರ್ಡನ್ ಕರೆಗೆ ಓಗೊಟ್ಟು ಹೀಗೆ ಬಂದವರು ಸುಮಾರು 8 ಸಾವಿರ ಜನ. “ಒಂದು ಬಲ್ಬು ಹೋಗಲಿಲ್ಲ ನೋಡು” ಅಂತ ಅವರು ಹೇಳುವಾಗ ಮುಖದಲ್ಲಿ ಎಷ್ಟು ಹೆಮ್ಮೆ ಇರುತ್ತಿತ್ತು ಗೊತ್ತಾ!

ಆ ಮಾತಿನ ಬೆಲೆ ತಿಳಿಯಬೇಕಾದರೆ ಕ್ಲಾರ್ಕ್ ಕಡೆ ನೋಡಬೇಕು. ಅದು ಜ್ವಾಲಾಮುಖಿಗೆ ಇನ್ನೂ ಹತ್ತಿರದ ವಾಯುನೆಲೆ. 1991ರ ನವೆಂಬರ್‌ನಲ್ಲೇ ಅಮೆರಿಕನ್ನರು ಬಿಟ್ಟು ಹೋದರು. ಆಮೇಲೆ ಬಾಗಿಲು, ಕಿಟಕಿ, ವಯರು, ಕಮೋಡು, ಕೈಗೆ ಸಿಕ್ಕಿದ್ದೆಲ್ಲ ಲೂಟಿಯಾಯಿತು. ಕ್ಲಾರ್ಕ್ ಕೂಡ ಮುಂದೆ ಚೇತರಿಸಿಕೊಂಡಿತು. 1985ರಲ್ಲೇ ನಮ್ಮ ಬೆಂಗಳೂರಿಗೆ ಬಂದಿದ್ದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲೂ ಕಾರ್ಖಾನೆ ತೆರೆಯಿತು. ಆದರೆ ಸುಬಿಕ್‌ನಲ್ಲಿ ಬಂದರು, ವಿಮಾನದ ರನ್‌ವೇ, ಮನೆಗಳು ಎಲ್ಲವೂ ಬಂದವರು ನೇರವಾಗಿ ಬಳಸುವ ಹಾಗಿದ್ದವು. 1995ರಲ್ಲಿ ಕೊರಿಯರ್ ಕಂಪನಿ ಫೆಡ್‌ಎಕ್ಸ್ ತನ್ನ ಏಷ್ಯಾ ಕೇಂದ್ರವನ್ನು ಅಲ್ಲೇ ತೆರೆದದ್ದು ಸುಮ್ನೆ ಅಲ್ಲ. ಮರುವರ್ಷ ಏಪೆಕ್ ಅನ್ನೋ ಏಷ್ಯಾ–ಪೆಸಿಫಿಕ್ ಆರ್ಥಿಕ ಒಕ್ಕೂಟದ ದೇಶಗಳ ನಾಯಕರ ಸಭೆಯೂ ಅಲ್ಲೇ ನಡೆಯಿತು.

ಇನ್ನೊಂದು ಒಳ್ಳೆಯ ಕೆಲಸ ಆಗಿತ್ತು. ಹಡಗುಗಳು ಹೊರಡುವ ಮೊದಲೇ, 1992ರ ಮಾರ್ಚ್‌ನಲ್ಲಿ, ಸರ್ಕಾರ ಕಾನೂನು ಮಾಡಿತ್ತು. ಸುಬಿಕ್ ಸುಂಕವಿಲ್ಲದ ವಲಯವಾಯಿತು. ನೋಡಿಕೊಳ್ಳಲು ಒಂದು ಪ್ರಾಧಿಕಾರ ಬಂತು. ಜಾಗವನ್ನು ಕಂಪನಿಗಳಿಗೆ ಗುತ್ತಿಗೆಗೆ ಕೊಡುತ್ತಾರೆ, ಮಾರುವುದಿಲ್ಲ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಯಾಕೆಂದರೆ ಕಂಪನಿಗಳು ಬರುತ್ತವೆ, ಹೋಗುತ್ತವೆ. ಫೆಡ್‌ಎಕ್ಸ್ 2009ರಲ್ಲಿ ಚೀನಾದ ಗ್ವಾಂಗ್‌ಝೌಗೆ ಹೋಯಿತು. ಒಂದು ಕಾಲಕ್ಕೆ 20 ಸಾವಿರಕ್ಕೂ ಜಾಸ್ತಿ ಜನರಿಗೆ ಕೆಲಸ ಕೊಟ್ಟಿದ್ದ ಕೊರಿಯಾದ ಹಾಂಜಿನ್ ಹಡಗು ಕಾರ್ಖಾನೆ 2019ರ ಜನವರಿಯಲ್ಲಿ ಸಾಲ ತೀರಿಸಲಾಗದೆ ಕೋರ್ಟಿನ ಮೊರೆ ಹೋಯಿತು. ಅಷ್ಟು ಜನ ಒಂದೇ ಕಂಪನಿಯನ್ನು ನಂಬಿದ್ದು ತಪ್ಪೇ, ನೆಲೆಯನ್ನು ನಂಬಿದ್ದ ಹಾಗೇ ಆಯಿತಲ್ವಾ? ಆದರೂ ಜಾಗ ಊರ ಕೈಬಿಡಲಿಲ್ಲ. 2022ರಲ್ಲಿ ಆ ಹಡಗು ಕಾರ್ಖಾನೆಗೆ ಬೇರೆ ಮಾಲೀಕರು ಬಂದರು. ಈಗ ಆ ವಲಯದಲ್ಲಿ ಕೆಲಸ ಮಾಡುವವರು ಅಮೆರಿಕನ್ನರ ಕಾಲಕ್ಕಿಂತ ಜಾಸ್ತಿ.

ಒಂದು ವಿಷಯದಲ್ಲಿ ಮಾತ್ರ ಸುಬಿಕ್‌ನವರು ಮೋಸ ಹೋದರು. ನೆಲೆ ಬಿಟ್ಟು ಹೋಗುವಾಗ ಜಾಗ ಸ್ವಚ್ಛ ಮಾಡಿಕೊಡಬೇಕು ಅಂತ ಹಳೆಯ ಒಪ್ಪಂದದಲ್ಲಿ ಬರೆದಿರಲಿಲ್ಲ. ಕಲ್ನಾರು (ಆಸ್ಬೆಸ್ಟಾಸ್), ಎಣ್ಣೆ, ರಾಸಾಯನಿಕ, ಎಲ್ಲ ಅಲ್ಲೇ ಉಳಿಯಿತು. ನಿಮ್ಮ ಊರಿನ ಹತ್ತಿರ ಇಂಥ ಮಾತು ಶುರುವಾಗಿದ್ದರೆ, ಯಾವ ಕಂಪನಿ ಬರುತ್ತೆ ಅನ್ನೋದಕ್ಕಿಂತ ಮೊದಲು ಮಣ್ಣು ಮತ್ತು ಬಾವಿ ನೀರಿನ ಪರೀಕ್ಷೆ ಮಾಡಿಸಿ. ಸ್ವಚ್ಛ ಮಾಡುವ ಖರ್ಚು ಯಾರದು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ, ಸೈನಿಕರು ಇನ್ನೂ ಅಲ್ಲಿರುವಾಗಲೇ.