ರಾಯಚೂರಿನ ವೈದ್ಯ ಸಂಶೋಧಕರೊಬ್ಬರ ಎಚ್-ಇಂಡೆಕ್ಸ್ ಗೂಗಲ್ ಸ್ಕಾಲರ್‌ನಲ್ಲಿ ಒಂದು, ಸ್ಕೋಪಸ್‌ನಲ್ಲಿ ಇನ್ನೊಂದು. ಎಚ್-ಇಂಡೆಕ್ಸ್ 4 ಎಂದರೆ, ಒಂದೊಂದೂ ಕನಿಷ್ಠ 4 ಸಲ ಬೇರೆ ಲೇಖನಗಳಲ್ಲಿ ಉಲ್ಲೇಖಗೊಂಡ 4 ಲೇಖನಗಳಿವೆ ಎಂದು; ಸ್ಕಾಲರ್, ಸ್ಕೋಪಸ್ ಎರಡೂ ಇಂಥ ಉಲ್ಲೇಖ ಎಣಿಸುವ ಜಾಲತಾಣಗಳು. ಯಾವ ಅಂಕಿ ಸರಿ?

ಎರಡೂ ಸರಿ ಇರಬಹುದು, ಎಣಿಸುವ ರಾಶಿ ಬೇರೆ. ಸ್ಕೋಪಸ್ ತಾನು ಆಯ್ದ ಪತ್ರಿಕೆಗಳಂಥ ಮೂಲಗಳನ್ನಷ್ಟೇ ಹಿಡಿಯುತ್ತದೆ. ಸ್ಕಾಲರ್ ಥೀಸಿಸ್, ಪತ್ರಿಕೆಯಲ್ಲಿ ಪ್ರಕಟವಾಗುವ ಮುನ್ನವೇ ಹಾಕಿದ ಪ್ರಿಪ್ರಿಂಟ್‌ಗಳನ್ನೂ ಸೇರಿಸುವುದರಿಂದ ಅಲ್ಲಿನ ಅಂಕಿ ಸಾಮಾನ್ಯವಾಗಿ ದೊಡ್ಡದು.

ಕೈಲೆಕ್ಕ ಹೀಗೆ: ಲೇಖನಗಳನ್ನು ಉಲ್ಲೇಖಗಳ ಇಳಿಕೆ ಕ್ರಮದಲ್ಲಿ ಬರೆಯಿರಿ. 30, 12, 6, 5, 4, 1 ಎಂದುಕೊಳ್ಳಿ. ನಾಲ್ಕನೆಯದಕ್ಕೆ 5 ಇವೆ, ಐದನೆಯದಕ್ಕೆ 4 ಮಾತ್ರ. ಆದ್ದರಿಂದ ಎಚ್-ಇಂಡೆಕ್ಸ್ 4. ಮೊದಲನೆಯದಕ್ಕೆ 300 ಬಂದರೂ ಅದು 4ರಲ್ಲೇ ನಿಲ್ಲುತ್ತದೆ.

ನಮ್ಮ ಕಡೆ ನಿಜವಾದ ಗೊಂದಲ ಹೆಸರಿನದು. ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ ಬಿದ್ದರೆ ಸ್ಕೋಪಸ್ ಒಬ್ಬರನ್ನೇ ಇಬ್ಬರನ್ನಾಗಿ ಮಾಡಬಹುದು. ವೈದ್ಯಕೀಯ ಸಂಸ್ಥೆಯ ಹೆಸರನ್ನು ಬರೀ 'ರಿಮ್ಸ್' ಎಂದು ಬರೆದರೆ ರಾಯಚೂರೋ, ರಾಂಚಿಯೋ, ಇಂಫಾಲವೋ ತಿಳಿಯದು. 'ಕಿಮ್ಸ್' ಎಂದರೆ ಕೊಪ್ಪಳವೂ ಹೌದು, ಹಳೆಯ ಲೇಖನಗಳಲ್ಲಿ ಹುಬ್ಬಳ್ಳಿಯೂ ಹೌದು. ಬಳ್ಳಾರಿಯ ಇಂಗ್ಲಿಷ್ ಕಾಗುಣಿತವೂ 2014ರಲ್ಲಿ ಬದಲಾಗಿದೆ, ಹುಡುಕುವಾಗ ಹಳೆಯದನ್ನೂ ಹಾಕಿ. ಸ್ಕಾಲರ್‌ನದು ಉಲ್ಟಾ ತೊಂದರೆ: ಲೇಖನಗಳು ತಾನಾಗಿ ಸೇರುವಂತೆ ಬಿಟ್ಟರೆ ಅದೇ ಹೆಸರಿನ ಬೇರೆಯವರ ಲೇಖನಗಳೂ ಬಂದು ಕೂರುತ್ತವೆ.

ಸಂಶೋಧಕರು ತಮ್ಮನ್ನು ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆಯನ್ನು ಪ್ರತಿ ಲೇಖನಕ್ಕೂ ಕೊಡಬೇಕು, ಸಂಸ್ಥೆಯ ಪೂರ್ಣ ಹೆಸರನ್ನು ಊರಿನ ಸಮೇತ ಬರೆಯಬೇಕು, ಒಡೆದ ಪ್ರೊಫೈಲ್‌ಗಳನ್ನು ಕೂಡಿಸಲು ಸ್ಕೋಪಸ್‌ಗೆ ಮನವಿ ಹಾಕಬೇಕು.

ಆಯ್ಕೆ ಸಮಿತಿಯಲ್ಲಿ ಕೂತವರಾದರೆ ಅಂಕಿಗಿಂತ ಮೊದಲು ಹೆಚ್ಚು ಉಲ್ಲೇಖಗೊಂಡ ಐದು ಲೇಖನ ತೆರೆದು, ಅವರು ಮೊದಲ ಲೇಖಕರೋ ಐವತ್ತು ಹೆಸರುಗಳ ನಡುವಿನ ಒಬ್ಬರೋ ನೋಡಿ. ಸ್ವಂತ ಉಲ್ಲೇಖಗಳನ್ನು ಕಳೆದೂ ಲೆಕ್ಕ ತೆಗೆಯಿರಿ, ಸ್ಕೋಪಸ್‌ನಲ್ಲಿ ಆ ಸೌಲಭ್ಯವಿದೆ.